ಮಳೆ ಸುರಿಯುವಾಗಲೇ ನಲ್ಲಿ ಒಣಗುವುದೇಕೆ?

ಪ್ರಶ್ನೆ: ಜೋರು ಮಳೆ ಬಂದು ಊರೆಲ್ಲ ನೀರಾದಾಗಲೇ ನಮ್ಮ ಬಡಾವಣೆಯ ನಲ್ಲಿ ನಿಂತುಹೋಗುತ್ತದೆ. ಬಂದರೂ ಕೆಂಪು ನೀರು. ಬೇಸಿಗೆಯಲ್ಲಾದರೆ ಕೊರತೆ ಎನ್ನಬಹುದು, ಮಳೆಗಾಲದಲ್ಲೂ ಯಾಕೆ ಹೀಗೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ನಲ್ಲಿಗೆ ನೀರು ತರುವುದು ಮಳೆಯಲ್ಲ, ಕರೆಂಟು. ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಅಲ್ಲಿಂದ ಪಂಪ್ ಆಗುತ್ತದೆ. ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಇನ್ನೊಮ್ಮೆ ಪಂಪಿನ ಬಲ ಪಡೆದು, ನೂರು ಕಿಲೋಮೀಟರ್ ಆಸುಪಾಸಿನ ದಾರಿಯಲ್ಲಿ ಸುಮಾರು 500 ಮೀಟರ್ ಮೇಲೇರಿ ನಗರ ಸೇರುತ್ತದೆ. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು, ಯಾವ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯದಿದ್ದರೂ, ಹೆಚ್ಚುಕಡಿಮೆ 1.4 ಯೂನಿಟ್ ವಿದ್ಯುತ್ ಬೇಕು. ದಿನಕ್ಕೆ ಕೋಟಿಗಟ್ಟಲೆ ಲೀಟರ್ ಎಂದಾಗ ಅದು ಡೀಸೆಲ್ ಜನರೇಟರ್ ಇಟ್ಟು ನಿಭಾಯಿಸುವ ಕೆಲಸವಲ್ಲ. ಗಾಳಿಮಳೆಗೆ ಲೈನ್ ಹೋದರೆ ನೀರೂ ಹೋಯಿತು.

ಪಂಪ್‌ಹೌಸ್‌ಗಳು ಸಾಮಾನ್ಯವಾಗಿ ನೀರಿನ ಪಕ್ಕ, ತಗ್ಗಿನಲ್ಲೇ ಇರುತ್ತವೆ. 2022ರ ಸೆಪ್ಟೆಂಬರ್ ಮೊದಲ ವಾರ ಬೆಳ್ಳಂದೂರಿನ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಓಡಾಡುತ್ತಿದ್ದಾಗ, ಅತ್ತ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೂ ನೆರೆ ನುಗ್ಗಿತ್ತು. ನಗರದ ಹಲವು ಭಾಗಗಳಿಗೆ ಕಾವೇರಿ ನಿಂತಿತು. ನೀರು ಕುಡಿದ ಮೋಟರನ್ನು ಒಣಗಿಸಿ, ಇನ್ಸುಲೇಷನ್ ಪರೀಕ್ಷಿಸದೆ ಸ್ವಿಚ್ ಒತ್ತುವಂತಿಲ್ಲ. ಹಾಗಾಗಿ ಮಳೆ ಬಿಟ್ಟ ಕೂಡಲೇ ನಲ್ಲಿ ಬರುವುದಿಲ್ಲ.

ಕೆಂಪು ನೀರಿನ ಮಾತು ಬೇರೆ. ನದಿಯಲ್ಲಿ ಮಣ್ಣು ಹೆಚ್ಚಾದಾಗ ಪಟಿಕ ಹೆಚ್ಚು ಹಾಕಿ, ತಿಳಿಗೊಳಿಸಿ, ನಿಧಾನವಾಗಿ ಸೋಸಬೇಕು. ಘಟಕದ ಹುಟ್ಟುವಳಿ ತಗ್ಗುತ್ತದೆ. ಇದಕ್ಕಿಂತ ಅಪಾಯ ನಿಮ್ಮ ಬೀದಿಯ ಪೈಪಿನದು. ಪೂರೈಕೆ ನಿಂತಾಗ ಒಳಗಿನ ಒತ್ತಡ ಇಳಿಯುತ್ತದೆ. ಆಗ ಬಿರುಕು, ಸಡಿಲ ಜಾಯಿಂಟುಗಳ ಮೂಲಕ ಚರಂಡಿ ನೀರನ್ನು ಪೈಪು ಒಳಕ್ಕೆ ಎಳೆದುಕೊಳ್ಳುತ್ತದೆ. ವಾಂತಿಭೇದಿ ಪ್ರಕರಣಗಳು ಮಳೆಗಾಲದಲ್ಲಿ ಏರುವುದಕ್ಕೆ ಇದೂ ಒಂದು ಕಾರಣ.

ಪೂರೈಕೆ ನಿಲ್ಲುವುದಕ್ಕೆ ಪರಿಹಾರ ಮಳೆಗೆ ಮುಂಚೆಯೇ ನೀರನ್ನು ಎತ್ತರದಲ್ಲಿ ಕೂಡಿಡುವುದು. ತುಂಬಿದ ಓವರ್‌ಹೆಡ್ ಟ್ಯಾಂಕಿನಿಂದ ನೀರು ಇಳಿಯಲು ಕರೆಂಟು ಬೇಡ, ವಾಲ್ವ್‌ಮನ್ ಇದ್ದರೆ ಸಾಕು. ಮುನ್ಸೂಚನೆ ಬಂದ ದಿನವೇ ಟ್ಯಾಂಕುಗಳನ್ನು ಭರ್ತಿ ಮಾಡುವುದು, ಪಂಪ್‌ಹೌಸಿನ ಪ್ಯಾನೆಲ್ ಬೋರ್ಡುಗಳನ್ನು ನೆರೆಮಟ್ಟಕ್ಕಿಂತ ಮೇಲೆ ಕೂರಿಸುವುದು, ಎರಡು ಬೇರೆ ಸಬ್‌ಸ್ಟೇಷನ್‌ಗಳಿಂದ ಲೈನ್ ಎಳೆಯುವುದು, ಬದಲಿ ಮೂಲವಾಗಿ ಕೊಳವೆಬಾವಿಗಳನ್ನು ಸುಸ್ಥಿತಿಯಲ್ಲಿ ಇಡುವುದು: ಇಷ್ಟು ಮಾಡಿದ ಊರು ನಾಲ್ಕು ದಿನ ತಡೆದುಕೊಳ್ಳುತ್ತದೆ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಕುಡಿಯುವ ನೀರನ್ನು ಮುಚ್ಚಳವಿರುವ ಪಾತ್ರೆಯಲ್ಲಿ ತುಂಬಿಡಿ. ಕೈ ಅದ್ದದೆ ಹಿಡಿಕೆಯ ಸೌಟಿನಲ್ಲಿ ತೆಗೆಯಿರಿ. ನೆಲದಡಿಯ ಸಂಪಿಗೆ ಮಳೆನೀರು ನುಗ್ಗಿದ್ದರೆ ಪೂರ್ತಿ ಖಾಲಿ ಮಾಡಿ, ತೊಳೆದು, ಹೊಸ ನೀರು ತುಂಬಿಸಿ. ತಿಳಿಯಾದ ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ 2.5 ಗ್ರಾಂ ಲೆಕ್ಕ. ಪುಡಿಯನ್ನು ನೇರ ಸುರಿಯದೆ ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನಷ್ಟೇ ಸಂಪಿಗೆ ಬೆರೆಸಿ. ಒಂದು ಗಂಟೆ ಬಿಟ್ಟು ಬಳಸಿ. ಅನುಮಾನವಿದ್ದರೆ ಚೆನ್ನಾಗಿ ಕುದಿಸಿ ಆರಿಸಿ ಕುಡಿಯಿರಿ. ಕದಡಿದ ನೀರಿಗೆ ಕ್ಲೋರಿನ್ ಹಾಕಿ ನಂಬಿ ಕೂರಬೇಡಿ. ಮಣ್ಣು, ಕೊಳೆಗಳೇ ಕ್ಲೋರಿನ್ನನ್ನು ತಿಂದುಹಾಕುತ್ತವೆ.

ಪೂರೈಕೆ ಮತ್ತೆ ಶುರುವಾದಾಗ ಮೊದಲು ಬರುವ ನೀರನ್ನು ಹೊರಗೆ ಬಿಡಿ. ನಲ್ಲಿಯ ತುದಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ನೋಡಲು ಪ್ರಯೋಗಾಲಯವೇ ಬೇಕಿಲ್ಲ: ಕ್ಲೋರಿನ್ ಪರೀಕ್ಷೆಯ ಕಿಟ್ಟಿನ ಸಣ್ಣ ನಳಿಕೆಗೆ ನೀರು ಹಿಡಿದು ಅದರ ದ್ರಾವಣದ ಹನಿ ಹಾಕಿದರೆ, ಕ್ಲೋರಿನ್ ಇದ್ದಲ್ಲಿ ಹಳದಿ ಬಣ್ಣ ಬರುತ್ತದೆ, ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿದರೆ ಆಯಿತು. ನಿಮ್ಮ ಬಡಾವಣೆಯ ಸಂಘ ಈ ಕಿಟ್ ಒಂದನ್ನು ಕೊಂಡಿಟ್ಟುಕೊಳ್ಳಲಿ. ಹಳದಿ ಬರದ ದಿನ ಜಲಮಂಡಳಿಗೆ ದೂರು ಕೊಡಲು ಕೈಯಲ್ಲಿ ಆಧಾರವಿರುತ್ತದೆ.