ಡೌಟ್ ಇದೆ ಅಂತ ಬರೆಯುವ ಮೊದಲು

ನೋಡು ಮಗಳೇ, ಕೆಲಸಕ್ಕೆ ಸೇರಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ಹೊರದೇಶದ ಗ್ರಾಹಕರಿಗೆ ಮೇಲ್ ಬರೆಯುವ ಜವಾಬ್ದಾರಿ ನಿನ್ನ ಹೆಗಲಿಗೆ ಬಂದಿದೆ. ಸಂತೋಷ. ಕನ್ನಡ ಮಾಧ್ಯಮದಲ್ಲಿ ಓದಿದವಳು ಅಂತ ಅಳುಕಬೇಡ. ವ್ಯಾಕರಣ ಸ್ವಲ್ಪ ಹೆಚ್ಚುಕಡಿಮೆಯಾದರೆ ಓದುವವರು ಸರಿಮಾಡಿಕೊಂಡು ಓದುತ್ತಾರೆ. ಒಂದು ಪದದ ಜಾಗದಲ್ಲಿ ಅದರಂತೆಯೇ ಕಾಣುವ ಇನ್ನೊಂದು ಕೂತರೆ ಮಾತ್ರ ಕಷ್ಟ. ವಾಕ್ಯ ಶುದ್ಧವಾಗಿಯೇ ಇರುತ್ತದೆ, ಅರ್ಥ ಬೇರೆಯಾಗಿರುತ್ತದೆ. ತಪ್ಪಾಗಿದೆ ಅಂತ ಅವರಿಗೂ ತಿಳಿಯುವುದಿಲ್ಲ, ನಿನಗೂ ತಿಳಿಯುವುದಿಲ್ಲ.

'ಡೌಟ್' ಅನ್ನೇ ತಗೋ. ಪಾಠ ಮುಗಿಸಿದ ಮೇಷ್ಟ್ರು "ಡೌಟ್ ಇದ್ದರೆ ಕೇಳಿ" ಅನ್ನುತ್ತಾರಲ್ಲ, ಅಲ್ಲಿ ಅದಕ್ಕೆ ತಿಳಿಯದ್ದನ್ನು ಕೇಳಿ ಎಂಬಷ್ಟೇ ಅರ್ಥ. ಇಂಗ್ಲೆಂಡಿನವರಿಗೆ, ಅಮೆರಿಕದವರಿಗೆ ಡೌಟ್ ಅಂದರೆ ನಂಬಿಕೆ ಸಾಲದು ಅಂತ. ನಿಮ್ಮ ವರದಿಯ ಬಗ್ಗೆ ಡೌಟ್ಸ್ ಇವೆ ಎಂದು ನೀನು ವಿನಯದಿಂದಲೇ ಬರೆದರೂ, ನಿಮ್ಮ ವರದಿ ನಂಬುವಂತಿಲ್ಲ ಎಂದು ಅವರು ಓದಿಕೊಂಡಾರು. ಅಲ್ಲಿ 'ಕ್ವೆಶ್ಚನ್' ಬೇಕು. 'ರಿವರ್ಟ್' ಕೂಡ ಹೀಗೇ. ನಮ್ಮ ಆಫೀಸುಗಳಲ್ಲಿ ಅದು ಉತ್ತರ ಬರೆಯುವುದಕ್ಕೆ ಹೆಸರು. ಅವರಿಗೆ ಹಳೆಯ ಸ್ಥಿತಿಗೆ ಮರಳುವುದಕ್ಕೆ. ನಮ್ಮ ಬಳಕೆ ತಪ್ಪು ಅಂತ ನಾನು ಹೇಳಲಾರೆ. ಇಷ್ಟೊಂದು ಜನ ಒಂದೇ ಅರ್ಥದಲ್ಲಿ ಆಡಿ, ಅದೇ ಅರ್ಥದಲ್ಲಿ ತಿಳಿದುಕೊಳ್ಳುವ ಮಾತು ತಪ್ಪಾಗುವುದಾದರೂ ಹೇಗೆ? ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಮೇಲಿನಲ್ಲಿ ಇರಲಿ, ಕಡಲಾಚೆ ಹೋಗುವುದರಲ್ಲಿ ಬೇಡ.

ಕೆಲವು ತೊಡಕು ಹುಟ್ಟುವುದು ಕನ್ನಡದ ಧಾರಾಳತನದಿಂದ. ನಾವು ಹಾಡು ಕೇಳುತ್ತೇವೆ, ಸದ್ದು ಕೇಳುತ್ತದೆ, ಪಕ್ಕದವರ ಹತ್ತಿರ ಸಾಲವನ್ನೂ ಕೇಳುತ್ತೇವೆ. ಇಂಗ್ಲಿಷಿನಲ್ಲಿ ಇವು ಮೂರು ಬೇರೆ ಬೇರೆ: ಕಿವಿಗೊಟ್ಟರೆ 'ಲಿಸನ್', ತಾನಾಗಿ ಕಿವಿಗೆ ಬಿದ್ದರೆ 'ಹಿಯರ್', ಬಾಯಿಬಿಟ್ಟು ಕೇಳಿದರೆ 'ಆಸ್ಕ್'. ಆ ಸಾಲವನ್ನೂ ಅವರು ಕೊಟ್ಟರೆ 'ಲೆಂಡ್', ನೀನು ತಂದರೆ 'ಬಾರೋ'. ಹೊಂಗೆ ಮರದಡಿಯ ತಂಪು ನೆರಳು 'ಶೇಡ್', ಬಿಸಿಲಲ್ಲಿ ನಿನ್ನ ಹಿಂದೆಯೇ ಬರುವ ನೆರಳು 'ಶ್ಯಾಡೋ'. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಗದ್ದೆಯ ಭತ್ತ, ಡಬ್ಬದ ಅಕ್ಕಿ, ತಟ್ಟೆಯ ಅನ್ನ ಎಂದು ನಾವು ಬಿಡಿಸಿ ಹೇಳುವುದನ್ನೆಲ್ಲ ಅವರು 'ರೈಸ್' ಎಂದು ಮುಗಿಸಿಬಿಡುತ್ತಾರೆ. ಭತ್ತಕ್ಕೆ ಅಂತಲೇ ಇರುವ 'ಪ್ಯಾಡಿ' ಕೂಡ ಮಲಯ ಭಾಷೆಯಿಂದ ತಂದದ್ದು.

ಇನ್ನು ಕೆಲವು ತೊಡಕು ಕಿವಿಯವು. ಇಂಗ್ಲಿಷಿನ ಕೊನೆಯ ಅಕ್ಷರದ ಝೇಂಕಾರ ನಮ್ಮ ವರ್ಣಮಾಲೆಯಲ್ಲಿಲ್ಲ. ಹಾಗಾಗಿ 'ಸಡಿಲ' ಎನ್ನುವ ಪದವೂ 'ಕಳೆದುಕೊಳ್ಳು' ಎನ್ನುವ ಪದವೂ ನಮ್ಮ ಬಾಯಲ್ಲಿ 'ಲೂಸ್' ಆಗಿಬಿಡುತ್ತವೆ. ಬಾಯಲ್ಲಿ ಹಾಗಾದರೆ ನಡೆದೀತು, ಬರೆಯುವಾಗಲೂ ಎರಡು 'ಓ' ಬಿದ್ದರೆ ಕಷ್ಟ. ಕೆಲಸ ಕಳೆದುಕೊಳ್ಳಲು ಇಷ್ಟವಿಲ್ಲ ಅಂತ ಬರೆಯಹೋದರೆ ಕೆಲಸ ಸಡಿಲವಾಗುತ್ತದೆ. (ನಮ್ಮೂರಿನ ಲೂಸು ಮೂರನೆಯದು, ಅದನ್ನು ನಿನಗೆ ವಿವರಿಸಬೇಕಾಗಿಲ್ಲ.) 'ಅಡ್ವೈಸ್' ಕೂಡ ಹೀಗೇ: ನಾನೀಗ ಕೊಡುತ್ತಿರುವ ಬುದ್ಧಿಮಾತಾದರೆ 'ಸಿ', ಬುದ್ಧಿ ಹೇಳುವ ಕ್ರಿಯೆಯಾದರೆ 'ಎಸ್'.

ಒಂದೇ ಬೇರಿನಿಂದ ಬಂದ ಜೋಡಿಗಳ ಮೇಲೂ ಒಂದು ಕಣ್ಣಿರಲಿ. 'ಎಕನಾಮಿಕ್' ಅಂದರೆ ಅರ್ಥವ್ಯವಸ್ಥೆಗೆ ಸೇರಿದ್ದು, 'ಎಕನಾಮಿಕಲ್' ಅಂದರೆ ಖರ್ಚು ಉಳಿಸುವಂಥದ್ದು. ಸರ್ಕಾರದ ನೀತಿ ಮೊದಲನೆಯದು, ನಿನ್ನ ಅಜ್ಜಿಯ ಅಡುಗೆ ಎರಡನೆಯದು. 'ಇನ್‌ಫ್ಲೇಮಬಲ್' ಮಾತ್ರ ತಮಾಷೆಯದಲ್ಲ. ಪೆಟ್ರೋಲ್ ಟ್ಯಾಂಕರಿನ ಹಿಂಭಾಗದಲ್ಲಿ ನೋಡಿರುತ್ತೀ. ಮುಂದೆ 'ಇನ್' ಇದೆಯಲ್ಲ, ಬೆಂಕಿ ಹಿಡಿಯುವುದಿಲ್ಲ ಅಂತಿರಬೇಕು ಎಂದುಕೊಂಡರೆ ಅನಾಹುತ. ಬೆಂಕಿ ಹೊತ್ತಿಸು ಎನ್ನುವ ಲ್ಯಾಟಿನ್ ಪದದಿಂದ ಬಂದದ್ದು ಅದು. ಆ 'ಇನ್' ಇಲ್ಲ ಎನ್ನುವುದಲ್ಲ. 'ಫ್ಲೇಮಬಲ್' ಎಂದರೂ ಅದೇ ಅರ್ಥ. ಈ ಗೊಂದಲಕ್ಕೆ ಹೆದರಿಯೇ ಅಮೆರಿಕದ ಅಗ್ನಿಸುರಕ್ಷೆಯವರು 1920ರ ದಶಕದಿಂದ ಎರಡನೆಯದನ್ನೇ ಬಳಸಿ ಎನ್ನತೊಡಗಿದರು.

ಅರ್ಥ ಒಂದೇ, ಪದ ಎರಡು, ಇದು ಯಾಕೆ ಅಂತ ನೀನೊಮ್ಮೆ ಕೇಳಿದ್ದೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಮುಂದೆ ಹಲವು ತಲೆಮಾರು ಆಸ್ಥಾನದಲ್ಲಿ, ನ್ಯಾಯಸ್ಥಾನದಲ್ಲಿ ಫ್ರೆಂಚ್ ನಡೆಯಿತು. ಹೊಲದಲ್ಲಿ, ಕೊಟ್ಟಿಗೆಯಲ್ಲಿ ಇಂಗ್ಲಿಷ್ ಉಳಿಯಿತು. ನ್ಯಾಯಾಲಯದ ವಾದ ಇಂಗ್ಲಿಷಿನಲ್ಲಿರಲಿ ಎಂದು ಕಾನೂನಾದದ್ದು 1362ರಲ್ಲಿ. ಅಷ್ಟರಲ್ಲಿ ಕುರಿಗೆ 'ಶೀಪ್', ಅದರ ಮಾಂಸಕ್ಕೆ ಫ್ರೆಂಚಿನಿಂದ ಬಂದ 'ಮಟನ್' ಎಂದು ಹಂಚಿಕೆಯಾಗುತ್ತಿತ್ತು. 'ಬಿಗಿನ್' ಇದ್ದಲ್ಲಿ 'ಕಮೆನ್ಸ್' ಬಂತು, 'ಹೆಲ್ಪ್' ಇದ್ದಲ್ಲಿ 'ಏಡ್' ಬಂತು. ಮನೆಯ ಪದ ಸಲಿಗೆಯದಾಗಿ ಉಳಿಯಿತು, ಬಂದದ್ದು ಗತ್ತಿನದಾಯಿತು. ಫ್ರೆಂಚರಿಗೆ ಬರೀ ಕೇಳುವುದಾಗಿದ್ದ 'ಡಿಮ್ಯಾಂಡ್' ಇಂಗ್ಲಿಷಿನಲ್ಲಿ ಪಟ್ಟುಹಿಡಿದು ಕೇಳುವುದಾಯಿತು. ಉತ್ತರವನ್ನು ಡಿಮ್ಯಾಂಡ್ ಮಾಡುತ್ತೇನೆ ಅಂತ ಯಾರಿಗಾದರೂ ಬರೆದೀಯೆ, ಜೋಕೆ.

ಈ ಸೂಕ್ಷ್ಮ ನಿನಗೆ ಹೊಸದೇನಲ್ಲ. ಸಂಸ್ಕೃತದಿಂದ ಬಂದ ಪದಗಳ ಜೊತೆ ನೀನು ದಿನಾ ಇದನ್ನೇ ಮಾಡುತ್ತೀ. ಒಲೆಯ ಮೇಲೆ ಹಾಲು ಕಾಯಿಸುತ್ತೀಯೇ ಹೊರತು ಕ್ಷೀರ ಕಾಯಿಸುವುದಿಲ್ಲ. ಬಾಯಾರಿದವನು ನೀರು ಬೇಡುತ್ತಾನೆ, ಜಲ ಬೇಡಿದರೆ ನಾಟಕದ ಪಾತ್ರ ಅನಿಸುತ್ತದೆ. ಆದರೆ ಕನ್ನಂಬಾಡಿಯದು ಜಲಾಶಯವೇ. ಇದನ್ನು ಯಾವ ಪಟ್ಟಿಯಿಂದಲೂ ನೀನು ಬಾಯಿಪಾಠ ಮಾಡಲಿಲ್ಲ, ಪದ ಯಾವುದರ ಜೊತೆ ಬರುತ್ತದೆ ಅಂತ ಕೇಳಿ ಕೇಳಿ ಬಂತು. ಇಂಗ್ಲಿಷನ್ನೂ ಹಾಗೆಯೇ ಕಲಿ. ಫೋನಿನಲ್ಲಿ ಸಮಾನಾರ್ಥಕ ಹುಡುಕಿದರೆ 'ಸ್ಲಿಮ್', 'ಥಿನ್', 'ಸ್ಕಿನ್ನಿ' ಒಂದೇ ಸಾಲಿನಲ್ಲಿ ಸಿಗುತ್ತವೆ. ಮೊದಲನೆಯದು ಮೆಚ್ಚುಗೆ, ನಡುವಿನದು ಇದ್ದದ್ದು ಇದ್ದಂತೆ ಹೇಳಿದ್ದು, ಕೊನೆಯದರಲ್ಲಿ ಒಣಕಲು ಅನ್ನುವ ದನಿ.

ಕಲಿಯುವವರಿಗೆಂದೇ ಮಾಡಿದ ನಿಘಂಟುಗಳಿವೆ, ಅವನ್ನು ಇಟ್ಟುಕೋ. ಎ.ಎಸ್. ಹಾರ್ನ್‌ಬಿ ಎಂಬವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ, ಅಲ್ಲಿನ ವಿದ್ಯಾರ್ಥಿಗಳಿಗಾಗಿ ಇಬ್ಬರು ಸಂಗಡಿಗರೊಡನೆ ಮಾಡಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನೇ ತಂದಿತು; ಇಂದಿನ 'ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ'ಗೆ ಅದೇ ಮೂಲ. ಅದರಲ್ಲಿ ಅರ್ಥದ ಸಾಲನ್ನು ಆಮೇಲೆ ಓದು, ಉದಾಹರಣೆಯ ವಾಕ್ಯಗಳನ್ನು ಮೊದಲು. ಕಾಗದ-ಪೆನ್ನಿನ 'ಸ್ಟೇಷನರಿ'ಗೂ ನಿಂತ ಬಸ್ಸಿನ 'ಸ್ಟೇಷನರಿ'ಗೂ ಇರುವ ಒಂದಕ್ಷರದ ವ್ಯತ್ಯಾಸಕ್ಕೆ ಈಗಲೇ ತಲೆ ಕೆಡಿಸಿಕೊಳ್ಳಬೇಡ, ಅಲ್ಲಿ ತಪ್ಪಿದರೂ ಯಾರಿಗೂ ನೋವಾಗುವುದಿಲ್ಲ. ನಾಳೆಯ ಮೇಲ್ ಕಳಿಸುವ ಮೊದಲು 'ಡಿಮ್ಯಾಂಡ್' ಎಲ್ಲಾದರೂ ನುಸುಳಿದೆಯೇ ಅಂತ ಮಾತ್ರ ನೋಡಿಬಿಡು.