ಚಳಿಗಾಲಕ್ಕೊಂದು ಬಿಡಾರ

ಕನ್ನಡ ನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಚಳಿಗಾಲವೆಂದರೆ ಮುಂಜಾವದ ಮಂಜು, ಹೊದೆಯಲೊಂದು ಕಂಬಳಿ, ಅಂಗಳದ ಎಳೆಬಿಸಿಲು; ಅಷ್ಟೇ. ಉತ್ತರ ಯೂರೋಪಿನವರ ಪಾಲಿಗೆ ಅದು ಹಾಗಲ್ಲ. ಡಿಸೆಂಬರಿನ ಕೊನೆಯಲ್ಲಿ ಲಂಡನ್ನಿನಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ. ನಾರ್ವೆಯ ಓಸ್ಲೋ ನಗರದಲ್ಲಿ ಆರು ಗಂಟೆಗೂ ಕಡಿಮೆ. ಸೂರ್ಯನು ಮೂಡಿದಂತೆ ಮಾಡಿ ಮುಳುಗಿಬಿಡುತ್ತಾನೆ. ಮಂಜುಗಟ್ಟಿದ ದಾರಿಯಲ್ಲಿ ಕಾಲು ಜಾರಿ ಮೂಳೆ ಮುರಿದೀತೆಂಬ ಭಯದಿಂದ ಮುದುಕರು ವಾರಗಟ್ಟಲೆ ಮನೆಯೊಳಗೇ ಉಳಿಯುವುದುಂಟು. ಆದುದರಿಂದಲೇ ಅನುಕೂಲವುಳ್ಳವರು ಚಳಿಗಾಲವನ್ನು ದಕ್ಷಿಣದ ಯಾವುದಾದರೊಂದು ಬೆಚ್ಚನೆಯ ಊರಿನಲ್ಲಿ ಕಳೆಯುವ ರೂಢಿ ಅಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಆದರೆ ಬೆಚ್ಚನೆಯ ಊರನ್ನು ಆರಿಸುವುದು ಮೇಲುನೋಟಕ್ಕೆ ಕಾಣುವಷ್ಟು ಸುಲಭವಾದ ಕೆಲಸವಲ್ಲ.

ಪೋಲೆಂಡಿನ ಸಂಗೀತಗಾರ ಶೋಪ್ಯಾನನ ಕಥೆ ಇದಕ್ಕೆ ಸಾಕ್ಷಿ. 1838ರ ನವೆಂಬರಿನಲ್ಲಿ, ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಆತನು ಫ್ರೆಂಚ್ ಲೇಖಕಿ ಜಾರ್ಜ್ ಸ್ಯಾಂಡ್ ಮತ್ತು ಆಕೆಯ ಇಬ್ಬರು ಮಕ್ಕಳೊಡನೆ ಮೆಡಿಟರೇನಿಯನ್ ಸಮುದ್ರದ ಮಯೋರ್ಕಾ ದ್ವೀಪಕ್ಕೆ ಬಂದಿಳಿದನು. ಅವನ ಎದೆ ದುರ್ಬಲವಾಗಿತ್ತು. ಆಕೆಯ ಮಗನಿಗೆ ಕೀಲುನೋವು. ಬಂದ ಹೊಸತರಲ್ಲಿ ಬಿಸಿಲು, ತಾಳೆಮರ, ನೀಲಿಯ ಆಕಾಶ ಎಲ್ಲವೂ ಹಿತವಾಗಿದ್ದುವು. ಅವರು ಬಾಡಿಗೆಗೆ ಹಿಡಿದ ಮನೆಯ ಹೆಸರಿನಲ್ಲಿಯೇ ಗಾಳಿ ಸೇರಿತ್ತು. ಅದಕ್ಕೆ ‘ಗಾಳಿಮನೆ’ ಎಂದು ಅರ್ಥ. ಹೆಸರನ್ನು ಕೇಳಿದಾಗಲೇ ಎಚ್ಚರಗೊಳ್ಳಬೇಕಾಗಿತ್ತೇನೋ! ಮಳೆ ಹಿಡಿದೊಡನೆ ಆ ಮನೆಯ ತೆಳುಗೋಡೆಗಳು ನೀರು ಕುಡಿದು ಊದಿಕೊಂಡುವು. ಒಲೆಗೂಡು ಇರಲಿಲ್ಲ. ಅಗ್ಗಿಷ್ಟಿಕೆಯಲ್ಲಿ ಇದ್ದಲು ಹೊತ್ತಿಸಿದರೆ ಹೊಗೆಯಿಂದ ರೋಗಿಯ ಕೆಮ್ಮು ಹೆಚ್ಚುತ್ತಿತ್ತು. ಅವನಿಗೆ ಕ್ಷಯವಿದೆಯೆಂಬ ಸುದ್ದಿ ಹಬ್ಬಿದಾಗ ಮನೆಯೊಡೆಯನು ಅವರನ್ನು ಹೊರಡಿಸಿದನು. ಗೋಡೆಗೆ ಹೊಸದಾಗಿ ಸುಣ್ಣ ಬಳಿಸುವ ಖರ್ಚನ್ನೂ ಕೇಳಿದನು. ಡಿಸೆಂಬರಿನ ನಡುವಿನಲ್ಲಿ ಅವರು ಬೆಟ್ಟದ ಮೇಲಿನ ವಾಲ್‌ದೆಮೋಸಾ ಊರಿನ ಹಳೆಯ ಮಠವೊಂದನ್ನು ಸೇರಿದರು. ಅಲ್ಲಿ ಮೋಡವೂ ತೇವವೂ ಇನ್ನಷ್ಟು ಹೆಚ್ಚು. ಪ್ಯಾರಿಸಿನಿಂದ ಬಂದ ಪಿಯಾನೋ ಸುಂಕದ ಕಟ್ಟೆಯಲ್ಲಿ ಸಿಕ್ಕಿಕೊಂಡು, ಅವನ ಕೈಸೇರುವ ವೇಳೆಗೆ ಜನವರಿ ಬಂದಿತ್ತು. ಇಂತಹ ದುಃಸ್ಥಿತಿಯಲ್ಲಿಯೂ ಆತನು ತನ್ನ ಇಪ್ಪತ್ತನಾಲ್ಕು ಕಿರುರಚನೆಗಳ ಮಾಲೆಯನ್ನು ಅಲ್ಲಿಯೇ ಪೂರ್ಣಗೊಳಿಸಿದನೆಂಬುದು ಆಶ್ಚರ್ಯ. ಫೆಬ್ರವರಿಯಲ್ಲಿ ಹೊರಡುವಾಗ ರೋಗಿಗೆ ಒಳ್ಳೆಯ ಬಂಡಿಯನ್ನು ಕೊಡುವವರೂ ಇರಲಿಲ್ಲ. ಒರಟು ಗಾಡಿಯಲ್ಲಿ, ಕೆಟ್ಟ ದಾರಿಯಲ್ಲಿ ಕುಲುಕಾಡಿಕೊಂಡು ಬಂದರು. ಬಂದರನ್ನು ಮುಟ್ಟುವಷ್ಟರಲ್ಲಿ ಅವನ ಬಾಯಿಯಿಂದ ರಕ್ತ ಬಿದ್ದಿತ್ತು. ಹಂದಿಗಳನ್ನು ಸಾಗಿಸುವ ಹಡಗಿನಲ್ಲಿ ಅವರು ದ್ವೀಪವನ್ನು ಬಿಟ್ಟರು.

ಮಯೋರ್ಕಾದ ಹವೆ ಕೆಟ್ಟದೆಂದು ಇದರ ಅರ್ಥವಲ್ಲ. ಮೆಡಿಟರೇನಿಯನ್ ತೀರದಲ್ಲಿ ಬೇಸಿಗೆ ಒಣಗಿರುತ್ತದೆ. ವರ್ಷದ ಮಳೆಯ ಬಹುಭಾಗ ಬೀಳುವುದೇ ಚಳಿಗಾಲದ ಆಸುಪಾಸಿನಲ್ಲಿ. ಉಷ್ಣಮಾಪಕದ ಅಂಕಿಯೊಂದನ್ನೇ ನಂಬಿದವರು ಇದನ್ನು ಮರೆಯುತ್ತಾರೆ. ಹನ್ನೆರಡು ಡಿಗ್ರಿಯ ಹವೆ ಬಿಸಿಲಿನಲ್ಲಿ ಸುಖ. ಬೆಂಕಿಯಿಲ್ಲದ ಕಲ್ಲುಮನೆಯೊಳಗೆ ಅದೇ ಹವೆ ಕಷ್ಟ.

ಇಂದಿನ ಪ್ರವಾಸಿಗೆ ಹವೆಯ ಜೊತೆಗೆ ಮತ್ತೊಂದು ಅಪೇಕ್ಷೆಯೂ ಉಂಟು. ಮೋಟಾರುಗಳ ಗದ್ದಲದಿಂದ ಬೇಸತ್ತವನು, ಬೀದಿ ದಾಟುವಾಗ ಹಿಂದೆ ಮುಂದೆ ನೋಡಿ ಅಂಜುವವನು, ಕಾರುಗಳೇ ಇಲ್ಲದ ಊರನ್ನು ಹುಡುಕುತ್ತಾನೆ. ಅಂತಹ ಊರುಗಳು ಇಂದಿಗೂ ಇವೆ. ಗ್ರೀಸ್ ದೇಶದ ಹೈಡ್ರಾ ಅವುಗಳಲ್ಲಿ ಪ್ರಸಿದ್ಧವಾದುದು. ಅಥೆನ್ಸಿನ ಬಂದರಾದ ಪಿರೇಯಸ್ಸಿನಿಂದ ವೇಗದ ದೋಣಿಯಲ್ಲಿ ಎರಡು ಗಂಟೆಯೊಳಗೆ ಅಲ್ಲಿಗೆ ತಲುಪಬಹುದು. ಅರ್ಧಚಂದ್ರಾಕಾರದ ಬಂದರು, ಅದರ ಸುತ್ತ ಬೆಟ್ಟದ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಕಲ್ಲುಮನೆಗಳು. ಹಡಗಿನ ವ್ಯಾಪಾರದಿಂದ ಸಿರಿವಂತರಾದ ನಾವಿಕರು ಕಟ್ಟಿಸಿದ ಸೌಧಗಳು ಅಲ್ಲಿ ಇಂದಿಗೂ ನಿಂತಿವೆ. 1821ರಲ್ಲಿ ಆರಂಭವಾದ ಗ್ರೀಕ್ ಸ್ವಾತಂತ್ರ್ಯ ಸಮರದಲ್ಲಿ ಈ ಪುಟ್ಟ ದ್ವೀಪದ ಹಡಗುಗಳು ಮುಂಚೂಣಿಯಲ್ಲಿದ್ದುವು. ಕಸ ಸಾಗಿಸುವ ಗಾಡಿಯಂತಹ ಕೆಲವನ್ನು ಬಿಟ್ಟರೆ ಮೋಟಾರು ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಸಿಮೆಂಟು, ಸೌದೆ, ಶೀತಪೆಟ್ಟಿಗೆ, ಅತಿಥಿಗಳ ಪೆಟ್ಟಿಗೆ ಎಲ್ಲವೂ ಹೇಸರಗತ್ತೆಗಳ ಬೆನ್ನಿನ ಮೇಲೆಯೇ ಏರಬೇಕು.

ಕೆನಡಾದ ತರುಣ ಕವಿ ಲೆನರ್ಡ್ ಕೊಹೆನ್ 1960ರಲ್ಲಿ ಲಂಡನ್ನಿನ ಮಳೆಯಿಂದ ಬೇಸತ್ತು ಇಲ್ಲಿಗೆ ಬಂದು, ಸಾವಿರದ ಐನೂರು ಡಾಲರಿಗೆ ಒಂದು ಹಳೆಯ ಮನೆಯನ್ನು ಕೊಂಡನು. ಆಗ ಅದಕ್ಕೆ ವಿದ್ಯುತ್ತೂ ಇರಲಿಲ್ಲ, ನಲ್ಲಿಯ ನೀರೂ ಇರಲಿಲ್ಲ. ಮುಂದೆ ವಿದ್ಯುತ್ತಿನ ತಂತಿ ಬಂದಾಗ ಅದರ ಮೇಲೆ ಹಕ್ಕಿಗಳು ಬಂದು ಕುಳಿತುವು. ಆತನ ಪ್ರಸಿದ್ಧ ಗೀತೆಯೊಂದಕ್ಕೆ ಆ ನೋಟವೇ ಬೀಜವಾಯಿತು. ದ್ವೀಪದ ಹೆಸರಿನಲ್ಲಿ ನೀರಿದೆ. ನೆಲದಲ್ಲಿ ಮಾತ್ರ ನೀರು ಅಪರೂಪ. ಮಳೆನೀರನ್ನು ಮನೆಯ ಕೆಳಗಿನ ತೊಟ್ಟಿಗಳಲ್ಲಿ ಕೂಡಿಡುತ್ತಿದ್ದರು; ಬಹುಕಾಲ ಹಡಗಿನಲ್ಲಿಯೂ ನೀರು ಬರುತ್ತಿತ್ತು.

ಇಷ್ಟಾದರೂ ಎಪ್ಪತ್ತು ದಾಟಿದ, ಮಂಡಿ ನೋಯುವ ಒಬ್ಬನಿಗೆ ಹೈಡ್ರಾ ತಕ್ಕುದೇ? ಕಾರಿಲ್ಲದ ಸುಖವನ್ನು ಅಲ್ಲಿ ಮೆಟ್ಟಿಲು ಹತ್ತಿಯೇ ಪಡೆಯಬೇಕು. ಸಮುದ್ರದಲ್ಲಿ ಬಿರುಗಾಳಿ ಎದ್ದರೆ ದೋಣಿಗಳು ನಿಲ್ಲುತ್ತವೆ. ದೊಡ್ಡ ಆಸ್ಪತ್ರೆ ಇರುವುದು ನೀರಿನಾಚೆ. ಚಳಿಗಾಲದಲ್ಲಿ ಊಟದ ಮನೆಗಳಲ್ಲಿ ಅನೇಕವು ಬಾಗಿಲು ಮುಚ್ಚಿರುತ್ತವೆ. ಇದನ್ನೆಲ್ಲ ಬಲ್ಲವನು ಇನ್ನೂ ದಕ್ಷಿಣಕ್ಕೆ, ಆಫ್ರಿಕದ ತೀರದಾಚೆಯ ಕನೇರಿ ದ್ವೀಪಗಳ ಕಡೆಗೆ ದೃಷ್ಟಿ ಹರಿಸಬಹುದು. ಹೈಡ್ರಾ 37ನೆಯ ಅಕ್ಷಾಂಶದಲ್ಲಿದ್ದರೆ ಇವು ಇರುವುದು 28, 29ರ ಆಸುಪಾಸಿನಲ್ಲಿ. ಸುತ್ತಲೂ ಮಹಾಸಾಗರ. ನೀರು ನೆಲದಂತೆ ಬೇಗನೆ ಕಾಯುವುದೂ ಇಲ್ಲ, ಬೇಗನೆ ಆರುವುದೂ ಇಲ್ಲ. ಆದುದರಿಂದ ಜನವರಿಯ ಹಗಲಿನಲ್ಲಿಯೂ ಉಷ್ಣತೆ ಇಪ್ಪತ್ತು ಡಿಗ್ರಿಯ ಸಮೀಪದಲ್ಲಿರುತ್ತದೆ. ಪೂರ್ವದ ತುದಿಯ ದ್ವೀಪಗಳಲ್ಲಿ ಮಳೆಯೂ ಅತ್ಯಲ್ಪ.

ಅಲ್ಲಿರುವ ಲಾ ಗ್ರಾಸಿಯೋಸಾ ಎಂಬ ದ್ವೀಪ ಸುಮಾರು 29 ಚದರ ಕಿಲೋಮೀಟರಿನಷ್ಟು ಚಿಕ್ಕದು. ಏಳುನೂರರ ಆಸುಪಾಸಿನ ಜನ. ಡಾಂಬರು ರಸ್ತೆ ಒಂದೂ ಇಲ್ಲ. ಊರಿನ ಬೀದಿಗಳೆಲ್ಲ ಮರಳು. ಪರವಾನಗಿ ಪಡೆದ ಕೆಲವೇ ವಾಹನಗಳುಂಟು. ಆದ್ದರಿಂದ ಕಾರೇ ಇಲ್ಲದ ಊರೆಂದು ಹಟ ಹಿಡಿಯುವವನು ಇಲ್ಲಿ ಸ್ವಲ್ಪ ಸೋಲಬೇಕು. ಅದಕ್ಕೆ ಪ್ರತಿಯಾಗಿ ಊರಿನ ನೆಲ ಸಮತಟ್ಟು. ನೆರೆಯ ಲಾನ್ಸರೋಟೆ ದ್ವೀಪಕ್ಕೆ ದೋಣಿಯಲ್ಲಿ ಅರ್ಧ ಗಂಟೆಯ ದಾರಿ.

ಇನ್ನು ಕಾನೂನಿನ ಮಾತು. ಗ್ರೀಸ್, ಸ್ಪೇನ್ ಮೊದಲಾದ ದೇಶಗಳು ಸೇರಿ ಮಾಡಿಕೊಂಡ ಷೆಂಗೆನ್ ಒಪ್ಪಂದದಂತೆ, ಹೊರಗಿನ ಪ್ರವಾಸಿಗಳು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಅಲ್ಲಿ ತಂಗಬಹುದು. ಬ್ರಿಟನ್ 2020ರಲ್ಲಿ ಯೂರೋಪಿಯನ್ ಒಕ್ಕೂಟವನ್ನು ಬಿಟ್ಟ ಪರಿಣಾಮವಾಗಿ, 2021ರಿಂದ ಬ್ರಿಟಿಷರಿಗೂ ಇದೇ ಕಟ್ಟು. ಅವರ ನಾಡಿನ ಚಳಿಗಾಲವಾದರೋ ನವೆಂಬರಿನಿಂದ ಮಾರ್ಚಿಯವರೆಗೆ ಐದು ತಿಂಗಳು ಹಬ್ಬುತ್ತದೆ. ಹೀಗಾಗಿ ಯಾವ ಊರು ಎಂಬುದರ ಜೊತೆಗೆ ಯಾವ ಮೂರು ತಿಂಗಳು ಎಂಬುದನ್ನೂ ಅವರು ಆರಿಸಿಕೊಳ್ಳಬೇಕಾಗಿದೆ. ಮಂಡಿನೋವಿನ ಆ ವೃದ್ಧನು ಡಿಸೆಂಬರ್, ಜನವರಿ, ಫೆಬ್ರವರಿಗಳನ್ನು ಲಾ ಗ್ರಾಸಿಯೋಸಾದ ಮರಳಿನಲ್ಲಿ ಕಳೆಯುವುದೇ ಲೇಸು. ಕಾಲು ಗಟ್ಟಿಯಿರುವವನು ಹೈಡ್ರಾಕ್ಕೆ ಹೋಗಲಿ. ಆದರೆ ಬಾಡಿಗೆ ಮಾತನಾಡುವ ಮೊದಲು ಮನೆಯಲ್ಲಿ ಒಲೆಗೂಡು ಇದೆಯೇ, ಕಿಟಕಿ ದಕ್ಷಿಣಕ್ಕೆ ತೆರೆಯುತ್ತದೆಯೇ, ದೋಣಿಕಟ್ಟೆಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು ಎಂದು ಕೇಳಿಕೊಳ್ಳಲಿ.