ಸಿಂಗಳೀಕನ ಪಾಲು

ಬಿಳಗಿಯ ಸುತ್ತಿನ ನಮಗೆ ಕಾಡು ಹೊಸದಲ್ಲ. ಕಾಡೆಂದರೆ ಸೊಪ್ಪು, ಸೌದೆ, ಹಣ್ಣು. ಸುಮ್ಮನೆ ನೋಡುವುದಕ್ಕಾಗಿ ಕಾಡಿಗೆ ಹೋಗುತ್ತೇನೆಂದರೆ ಮನೆಯಲ್ಲಿ ನಗುತ್ತಾರೆ. ಆದರೂ ಕಳೆದ ವರ್ಷ ಶ್ರಾವಣದಲ್ಲಿ ಮಿತ್ರರಿಬ್ಬರೊಡನೆ ನಮ್ಮ ಸಿದ್ದಾಪುರ ತಾಲ್ಲೂಕಿನದೇ ಆದ ಕತ್ತಲೆಕಾನಿಗೆ ಹಾಗೆ ಹೋದೆನು. ಅಲ್ಲಿ ಕಂಡದ್ದನ್ನೂ ಅನಂತರ ಓದಿ ತಿಳಿದದ್ದನ್ನೂ ಇಲ್ಲಿ ನಿವೇದಿಸುತ್ತೇನೆ.

ಉಂಬಳಗಳನ್ನು ಕೀಳುತ್ತ ಎರಡು ತಾಸು ಕುಳಿತ ಮೇಲೆ ಮರದ ತುದಿಯಲ್ಲಿ ಕೊಂಬೆಗಳು ಅಲುಗಿದವು. ಕರಿಯ ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಯಲ್ಲಿ ಕುಚ್ಚು: ಅದೇ ಸಿಂಗಳೀಕ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಪ್ರಪಂಚದ ಬೇರಾವ ಕಾಡಿನಲ್ಲಿಯೂ ಅದಿಲ್ಲ. ಅದು ನೆಲಕ್ಕಿಳಿಯುವುದು ಅಪರೂಪ. ಆದ್ದರಿಂದ ಮರದಿಂದ ಮರಕ್ಕೆ ಹಬ್ಬಿದ ಕಾಡು ನಡುವೆ ಕಡಿದರೆ ಅದರ ದಾರಿಯೇ ಕಡಿದಂತೆ. ಹೆರುವುದು ಒಂದೇ ಮರಿ. ಮುಂದಿನದಕ್ಕೆ ಎರಡು ಮೂರು ವರ್ಷ ಬೇಕು.

ಈ ಪ್ರಾಣಿಗಾಗಿಯೇ 2011ರಲ್ಲಿ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು 'ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು' ಎಂದು ಸರಕಾರ ಘೋಷಿಸಿತು. ಉಂಚಳ್ಳಿ ಜಲಪಾತವೂ ಕತ್ತಲೆಕಾನಿನ ಜೌಗು ಕಾಡೂ ಅದರೊಳಗೇ ಇದ್ದವು; 2019ರಲ್ಲಿ ಆ ಮೀಸಲು ಅಭಯಾರಣ್ಯದಲ್ಲಿ ಸೇರಿಹೋಯಿತು. ಅಭಯಾರಣ್ಯಕ್ಕೂ ಸಂರಕ್ಷಣಾ ಮೀಸಲಿಗೂ ವ್ಯತ್ಯಾಸವುಂಟು. 2002ರ ತಿದ್ದುಪಡಿಯಿಂದ ಬಂದ ಈ ವ್ಯವಸ್ಥೆಯಲ್ಲಿ ಊರವರನ್ನು ಕೇಳಿಯೇ ಮೀಸಲು ಮಾಡಬೇಕು. ಒಳಗಿರುವವರ ಹಕ್ಕುಗಳು ಹೋಗುವುದಿಲ್ಲ.

ಹಕ್ಕು ಉಳಿಯಿತು, ಆದರೆ ಹೊಣೆ? ಇಲ್ಲಿ ನನ್ನ ಮನೆಯ ಮಾತನ್ನೇ ಹೇಳಬೇಕು. ಮಳೆಗಾಲದಲ್ಲಿ ನಮ್ಮ ತಂದೆಯವರು ಉಪ್ಪಾಗೆ ಕೊಯ್ದು ತರುತ್ತಾರೆ. ತಾಯಿ ಅದನ್ನು ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಬೆಂಕಿಯ ಮೇಲಿನ ತಟ್ಟಿಯಲ್ಲಿ ಒಣಗಿಸುತ್ತಾಳೆ. ಹೊರದೇಶಗಳಲ್ಲಿ ಮೈ ತೆಳ್ಳಗಾಗಿಸುವ ಔಷಧಕ್ಕೆ ಆ ಸಿಪ್ಪೆ ಬೇಕಂತೆ. ನಮ್ಮ ಮನೆಯಲ್ಲಿ ಮೊದಲಿಗನಾಗಿ ಕಾಲೇಜು ಮೆಟ್ಟಿಲು ಹತ್ತಿದ ನನ್ನ ಶುಲ್ಕ ಹುಟ್ಟಿದ್ದು ಆ ತಟ್ಟಿಯಲ್ಲಿ. ಅಂದು ಆ ಸಿಂಗಳೀಕಗಳು ತಿನ್ನುತ್ತಿದ್ದುದೂ ಉಪ್ಪಾಗೆಯನ್ನೇ! ದರ ಏರಿದಾಗ ಪೈಪೋಟಿಯಲ್ಲಿ ಜನರು ಕಾಯಿ ಬಲಿಯುವ ಮೊದಲೇ ಕೊಂಬೆ ಸಹಿತ ಕಡಿದುಬಿಡುತ್ತಾರೆ. ಆಗ ಮರುವರ್ಷ ಅದಕ್ಕೂ ಇಲ್ಲ, ನಮಗೂ ಇಲ್ಲ.

ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿ ಬೋಬೆಂಗ್ ಮತ್ತು ಫಿಯೆಮಾ ಎಂಬ ಎರಡು ಊರುಗಳಿವೆ. ಅಲ್ಲಿಯ ಜನರು ಕಾಡಿನ ಮಂಗಗಳನ್ನು ದೇವರ ಮಕ್ಕಳೆಂದು ನಂಬಿ ಕೊಲ್ಲದೆ ಬಂದವರು. ಸತ್ತ ಮಂಗವನ್ನು ವಿಧಿಪೂರ್ವಕ ಹೂಳುವವರು. ಆ ನಂಬಿಕೆ ಸಡಿಲವಾಗಿ ಕೊಲ್ಲುವವರು ಹುಟ್ಟಿಕೊಂಡಾಗ, 1970ರ ದಶಕದಲ್ಲಿ ಊರವರ ಕೋರಿಕೆಯಂತೆ ಅದನ್ನು ತಡೆಯುವ ಸ್ಥಳೀಯ ಕಾನೂನಾಯಿತು. ಇಂದು ಆ ಮಂಗಗಳನ್ನು ನೋಡಲು ಬರುವವರಿಂದ ಊರಿಗೆ ಆದಾಯವೂ ಉಂಟು. ದೇವರ ಕಾನುಗಳನ್ನು ಉಳಿಸಿಕೊಂಡು ಬಂದ ನಮಗೆ ಇದು ಅರ್ಥವಾಗದ ಮಾತಲ್ಲ.

ಕಾನಿಗೆ ಹೋಗುವ ಮಿತ್ರರಲ್ಲಿ ವಿನಂತಿ: ಬೆಳಿಗ್ಗೆ ಹೋಗಿರಿ, ಮಾತಾಡದೆ ಕುಳಿತು ಮೇಲೆ ನೋಡಿರಿ, ತಿನ್ನಲು ಏನನ್ನೂ ಎಸೆಯಬೇಡಿರಿ. ತಿಂಡಿಯ ರುಚಿ ಹತ್ತಿದ ಸಿಂಗಳೀಕ ರಸ್ತೆಗಿಳಿದು ವಾಹನಕ್ಕೆ ಸಿಕ್ಕೀತು.

ಮನೆಗೆ ಬಂದು ಕಂಡದ್ದನ್ನೆಲ್ಲ ಹೇಳಿದಾಗ ತಂದೆಯವರು, "ಮಂಗಕ್ಕೆ ಕಾಲೇಜಿನ ಫೀ ಇಲ್ಲವಲ್ಲ, ತಮಾ" ಎಂದು ನಕ್ಕರು. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಈ ವರ್ಷ ಉಪ್ಪಾಗೆಗೆ ಹೊರಟಾಗ ಅವರು ಕತ್ತಿಯನ್ನು ಮನೆಯಲ್ಲಿಯೇ ಬಿಟ್ಟು ದೋಟಿಯನ್ನಷ್ಟೇ ಒಯ್ದರು. ದೋಟಿಗೆ ಎಟುಕದ ತುದಿಯ ಹಣ್ಣು ಸಿಂಗಳೀಕನ ಪಾಲಿಗೆ ಉಳಿಯಿತು.